ಬಡ್ತಿ ಒಲ್ಲದ ಗುರಿಕಾರರು
ಅಮೆರಿಕದ ‘ಸ್ಪೋರ್ಟಿಂಗ್ ಕ್ಲೇಸ್’ ಸ್ಪರ್ಧೆಗಳಲ್ಲಿ ಹಾರುವ ಬಿಲ್ಲೆಗಳಿಗೆ ಗುಂಡು ಹೊಡೆಯುವವರನ್ನು ‘ಇ’ಯಿಂದ ‘ಮಾಸ್ಟರ್’ವರೆಗೆ ವರ್ಗೀಕರಿಸುತ್ತಾರೆ. ತಮ್ಮ ವರ್ಗದಲ್ಲಿ ಮುಂದೆ ಬಂದವರಿಗೆ ‘ಪಂಚ್’ ದೊರೆಯುತ್ತದೆ. ಅವು ನಿಗದಿತ ಸಂಖ್ಯೆ ಮುಟ್ಟಿದರೆ ಬಡ್ತಿ. ವರ್ಗಾವಣೆಗೆ ಅಂಜಿ ಬಡ್ತಿಯನ್ನೇ ಒಲ್ಲೆನ್ನುವವರನ್ನು ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕಂಡ ನಮಗೆ, ಬಹುಮಾನದಾಸೆಯಿಂದ ಬೇಕೆಂದೇ ಗುರಿ ತಪ್ಪಿಸಿ ಕೆಳಗಿನ ವರ್ಗದಲ್ಲೇ ಉಳಿಯುವವರ ಜಾಣತನ ಹೊಸತೆನಿಸದು.

ಪಂಚ್ ಅಳೆಯುವುದು ಅಂದಿನ ಎದುರಾಳಿಗಳಿಗಿಂತ ಮುಂದಿದ್ದುದನ್ನು ಮಾತ್ರ. ಬರಿಯ ಸರಾಸರಿಯೂ ಸಾಲದು: ಸ್ಕೀಟ್‌ನಂತೆ ಇಲ್ಲಿ ಬಿಲ್ಲೆಯ ಹಾದಿ ನಿಶ್ಚಿತವಲ್ಲ; ಮೈದಾನ ಬದಲಾದರೆ ಕಾಠಿಣ್ಯವೂ ಬದಲಾಗುತ್ತದೆ. ಗಾಲ್ಫ್‌ನ ಹ್ಯಾಂಡಿಕ್ಯಾಪ್ ಮೈದಾನದ ಕಾಠಿಣ್ಯವನ್ನು ಲೆಕ್ಕಕ್ಕೆ ಹಿಡಿದು, ಕೊನೆಯ 20 ಸುತ್ತುಗಳಲ್ಲಿ ಉತ್ತಮವಾದ 8ನ್ನಷ್ಟೇ ಪರಿಗಣಿಸುತ್ತದೆ. ಇಲ್ಲಿಯೂ ಪ್ರತಿಯೊಬ್ಬರ ಅಂಕವನ್ನು ಅಂದಿನ ಶ್ರೇಷ್ಠ ಅಂಕಗಳೊಡನೆ ತೂಗಿ, ಉತ್ತಮ ಸಾಧನೆಗಳಿಂದಲೇ ವರ್ಗ ನಿರ್ಧರಿಸಬೇಕೆಂಬುದು ನಮ್ಮ ಅಭಿಮತ. ಆಗ ಬೇಕೆಂದು ತಪ್ಪಿಸಿದ ಗುರಿ ಲಾಭ ತಾರದು. ಪ್ರಾಮಾಣಿಕ ಹೊಸಬನಿಗೂ ಗೆಲುವಿನ ಬಾಗಿಲು ತೆರೆದೀತು.