ಶಾಲೆಯ ಹೊಸ್ತಿಲಲ್ಲಿ ಕಲಿಸುವ ಮೊದಲ ಸುಳ್ಳು

ಶ್ರಾವಕನು ಅಂಗಡಿಗೆ ಬಂದ ಅಕ್ಕಿಯ ಮೂಟೆಯನ್ನು ಬಿಚ್ಚಿ ನೋಡದೆ ಕೊಳ್ಳುವುದಿಲ್ಲ. ಕಾಳನ್ನು ಅಂಗೈಯಲ್ಲಿ ಹಿಡಿದು ನೋಡುತ್ತಾನೆ, ಹಲ್ಲಿನಿಂದ ಕಡಿದು ನೋಡುತ್ತಾನೆ, ತೂಗಿಸುತ್ತಾನೆ, ಬಿಲ್ಲು ಕೇಳಿ ಪಡೆಯುತ್ತಾನೆ. ಅದೇ ಶ್ರಾವಕನು ತನ್ನ ಮೂರು ವರ್ಷದ ಮಗುವಿಗೆ ಶಾಲೆ ಹುಡುಕಲು ಹೊರಟಾಗ ಈ ಜಾಣ್ಮೆಯನ್ನೆಲ್ಲ ಗಲ್ಲಾಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಬರುತ್ತಾನೆ. ಕಟ್ಟಡದ ಎತ್ತರ, ಬಸ್ಸುಗಳ ಸಂಖ್ಯೆ, ಬೀಗರ ಮಕ್ಕಳು ಓದುವ ಶಾಲೆಯ ಹೆಸರು, ಇಷ್ಟೇ ಅವನ ಪರೀಕ್ಷೆ. ಸೀಟು ದುರ್ಲಭವಾದಷ್ಟೂ ಶಾಲೆ ಶ್ರೇಷ್ಠವೆಂಬುದು ಅವನ ನಂಬಿಕೆ. ಕೊನೆಗೆ ರಸೀದಿಯಿಲ್ಲದ ಹಣ ಕೈಬದಲಾಗುತ್ತದೆ. ಅದಕ್ಕಿಟ್ಟ ಹೆಸರು ‘ಡೊನೇಷನ್’.

ಆ ಹೆಸರೇ ಮೊದಲ ಅಪಚಾರ. ದಾನವು ಶ್ರಾವಕನ ಷಟ್ಕರ್ಮಗಳಲ್ಲೊಂದು. ಆಹಾರ, ಔಷಧ, ಶಾಸ್ತ್ರ, ಅಭಯವೆಂದು ಅದು ನಾಲ್ಕು ಬಗೆ. ಪ್ರತಿಫಲದ ಆಸೆಯಿಲ್ಲದೆ ಕೊಟ್ಟದ್ದು ದಾನ, ಸೀಟಿಗಾಗಿ ಕೊಟ್ಟದ್ದು ಬೆಲೆ, ಕದ್ದುಮುಚ್ಚಿ ಕೊಟ್ಟದ್ದು ಲಂಚ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ವೇದಿಕೆಗಳಲ್ಲಿ ಸ್ಮರಿಸುವ ಸಮಾಜವು ಈ ಮೂರನ್ನೂ ಒಂದೇ ಹೆಸರಿನಿಂದ ಕರೆಯುವುದು ಶೋಭೆಯಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಪ್ರತಿಯೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ಎಣಿಸಿದ್ದಾರೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು, ಎಂದರೆ ಸುಳ್ಳು ಬರಹ ಸೃಷ್ಟಿಸುವುದು. ಶಾಲೆಯ ಸಮೀಪದಲ್ಲಿ ವಾಸವೆಂದು ತೋರಿಸಲು ಸುಳ್ಳು ಬಾಡಿಗೆ ಪತ್ರ, ಮೀಸಲು ಸೀಟಿಗಾಗಿ ಸುಳ್ಳು ಆದಾಯ ಪತ್ರ, ಇವು ಮತ್ತೇನು? ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮ ಒಂದು, ಎಂದರೆ ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು. ಶಾಲಾಕಾಲೇಜುಗಳಲ್ಲಿ ಕ್ಯಾಪಿಟೇಷನ್ ಶುಲ್ಕ ವಸೂಲಿಯನ್ನು ಕರ್ನಾಟಕವು 1984ರಲ್ಲಿಯೇ ಕಾಯಿದೆ ಮಾಡಿ ನಿಷೇಧಿಸಿತು. ಕೇಳುವವನು ತಪ್ಪಿತಸ್ಥ, ನಿಜ. ಕೊಟ್ಟು ಬಂದು ಸಾಯಂಕಾಲ ಪ್ರತಿಕ್ರಮಣಕ್ಕೆ ಕೂರುವವನು ಯಾವ ದೋಷವನ್ನು ನೆನೆದು ಪಶ್ಚಾತ್ತಾಪಪಡುತ್ತಾನೆ?

“ಲೋಕವೇ ಹೀಗಿದೆ, ಒಬ್ಬನೇ ಸತ್ಯ ಹಿಡಿದು ಕುಳಿತರೆ ಮಗುವಿನ ಭವಿಷ್ಯ ಹಾಳಾಗದೆ?” ಎಂದು ತಂದೆತಾಯಿಗಳು ಕೇಳುತ್ತಾರೆ. ಅವರ ಭಯ ಸುಳ್ಳಲ್ಲ, ಅದನ್ನು ಹಗುರವಾಗಿ ಕಾಣಲಾಗದು. ಆದರೆ ಅನಂತಕಾಯವೆಂದು ಆಲೂಗಡ್ಡೆಯನ್ನು ಮದುವೆಯ ಪಂಕ್ತಿಯಲ್ಲೂ ಎಲೆಯಂಚಿಗೆ ಸರಿಸುವ ಮನೆ “ಲೋಕವೆಲ್ಲ ತಿನ್ನುತ್ತದೆ” ಎಂಬ ಮಾತಿಗೆ ಬಗ್ಗುವುದಿಲ್ಲ. ನಾಲಗೆಯ ವಿಷಯದಲ್ಲಿ ಅಷ್ಟು ಗಟ್ಟಿಯಾದ ವ್ರತವು ಹಣದ ವಿಷಯದಲ್ಲಿ ಇಷ್ಟು ಮೆತ್ತಗಾಗುವುದೇಕೆ? ಕಾರಿನ ಹಿಂದಿನ ಸೀಟಿನಲ್ಲಿ ಕುಳಿತ ಮಗು ಲಕೋಟೆಯನ್ನು ನೋಡುತ್ತದೆ, “ಯಾರಿಗೂ ಹೇಳಬೇಡ” ಎಂಬ ಮಾತನ್ನು ಕೇಳುತ್ತದೆ. ಅಕ್ಷರ ಕಲಿಯುವ ಮೊದಲೇ ಅದಕ್ಕೆ ಒಂದು ಪಾಠವಾಗಿಹೋಯಿತು. ಮುಂದೆ ಭಾನುವಾರದ ಪಾಠಶಾಲೆಯಲ್ಲಿ ಪಂಚಾಣುವ್ರತಗಳನ್ನು ಬಾಯಿಪಾಠ ಮಾಡಿಸಿದರೂ ಆ ಪಾಠ ಅಳಿಯದು.

ಹಾಗಾದರೆ ಶಾಲೆಯನ್ನು ಆರಿಸುವುದು ಹೇಗೆ? ಮೂಟೆ ಬಿಚ್ಚಿ ನೋಡಿದಂತೆಯೇ. ಕೊಟ್ಟ ಪ್ರತಿಯೊಂದು ರೂಪಾಯಿಗೂ ರಸೀದಿ ಸಿಗುತ್ತದೆಯೆ? ಶಿಕ್ಷಕರು ವರ್ಷವರ್ಷವೂ ಬಿಟ್ಟುಹೋಗುತ್ತಾರೆಯೆ, ನೆಲೆನಿಂತಿದ್ದಾರೆಯೆ? ಒಬ್ಬ ಶಿಕ್ಷಕನ ಮುಂದೆ ಎಷ್ಟು ಮಕ್ಕಳು? ಐದನೆಯ ತರಗತಿಯವರೆಗೆ 30 ಮಕ್ಕಳಿಗೆ ಒಬ್ಬರೆಂಬುದು 2009ರ ಶಿಕ್ಷಣ ಹಕ್ಕು ಕಾಯಿದೆಯ ಅಳತೆ. ಹಿಂದುಳಿದ ಮಗುವನ್ನು ಅಲ್ಲಿ ಹಂಗಿಸುತ್ತಾರೆಯೆ, ಕೈಹಿಡಿಯುತ್ತಾರೆಯೆ? ಬೈಗುಳವೂ ಹಿಂಸೆಯೆಂದು ತಿಳಿದ ಕುಲಕ್ಕೆ ಇದು ಸಣ್ಣ ಪ್ರಶ್ನೆಯಲ್ಲ. ಟ್ಯೂಷನ್ನೂ ಬಸ್ಸೂ ಮುಗಿದು ಸೂರ್ಯಾಸ್ತಕ್ಕೆ ಮೊದಲು ಮಗು ಮನೆಯ ಊಟಕ್ಕೆ ಬಂದೀತೆ? ಇಂಗ್ಲಿಷ್ ಬೇಕು, ಬೇಡವೆನ್ನುವವರಿಲ್ಲ. ಆದರೆ ಪಂಪ, ರನ್ನ, ಜನ್ನರ ಭಾಷೆ ಅಲ್ಲಿ ತಾತ್ಸಾರಕ್ಕೆ ಗುರಿಯಾಗಿದೆಯೆ? ಈ ಪರೀಕ್ಷೆಯಲ್ಲಿ ಗೆಲ್ಲುವ ಶಾಲೆ ಮನೆಯ ಪಕ್ಕದ ಬೀದಿಯಲ್ಲೇ ಇರಬಹುದು. ಹಿತ್ತಲ ಗಿಡ ಮದ್ದಲ್ಲವೆಂಬ ಮೋಹ ಅದನ್ನು ಕಾಣಗೊಡುವುದಿಲ್ಲ.

ಆರಿಸಿದ ಮೇಲೂ ಹೊಣೆ ತೀರದು. ಆದಿನಾಥನು ತನ್ನ ಹೆಣ್ಣುಮಕ್ಕಳನ್ನು ಬಳಿಯಲ್ಲಿ ಕೂರಿಸಿಕೊಂಡು ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕವನ್ನೂ ತಾನೇ ಕಲಿಸಿದನೆಂದು ಪುರಾಣ ಸಾರುತ್ತದೆ. ರಾಜ್ಯಭಾರವಿದ್ದ ತಂದೆಗೆ ಸಿಕ್ಕ ಬಿಡುವು ಅಂಗಡಿಭಾರವುಳ್ಳ ತಂದೆಗೆ ಸಿಗದೆಂದರೆ ನಂಬುವವರಾರು?

ಇನ್ನು ಸಮಾಜದ ಟ್ರಸ್ಟುಗಳು. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ದೊರೆಯಿತು. ಅದೇ ವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯಿದೆ ಅನ್ವಯಿಸದೆಂದು ತೀರ್ಪಿತ್ತಿತು. ಬಡಮಕ್ಕಳಿಗೆ ಶೇಕಡ 25 ಸೀಟು ಮೀಸಲಿಡುವ ಕಟ್ಟಳೆಯೂ, ಪ್ರವೇಶಕ್ಕಾಗಿ ಮಗುವನ್ನೋ ಪಾಲಕರನ್ನೋ ಪರೀಕ್ಷಿಸಬಾರದೆಂಬ ಕಟ್ಟಳೆಯೂ ಆ ಕಾಯಿದೆಯೊಳಗಿನವು. ಈ ವಿನಾಯಿತಿಯನ್ನು ಲಾಭದ ಬಾಬ್ತಿಗೆ ಬರೆದುಕೊಳ್ಳುವ ಟ್ರಸ್ಟು ತನ್ನ ಹೆಸರಿನಲ್ಲಿರುವ ‘ಜೈನ’ ಪದಕ್ಕೆ ನಷ್ಟ ಬರೆಯುತ್ತಿದೆ. ಕಾನೂನು ಬಿಟ್ಟಿತೆಂದು ಕರುಣೆಯೂ ಬಿಟ್ಟೀತೆ?

ಕೊಲ್ಹಾಪುರ ಜಿಲ್ಲೆಯ ಕುಂಭೋಜದಲ್ಲಿ 1887ರಲ್ಲಿ ಜೈನ ಮನೆತನದಲ್ಲಿ ಜನಿಸಿದ ಕರ್ಮವೀರ ಭಾವೂರಾವ್ ಪಾಟೀಲರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ವಿದ್ಯಾರ್ಥಿನಿಲಯದಲ್ಲಿ ಎಲ್ಲ ಜಾತಿಗಳ ಮಕ್ಕಳು ಒಟ್ಟಿಗೆ ಉಂಡು ಓದಿದರು. ಆ ಮಕ್ಕಳ ಅನ್ನಕ್ಕಾಗಿ ಧರ್ಮಪತ್ನಿ ಲಕ್ಷ್ಮೀಬಾಯಿಯವರು ಒಡವೆಗಳನ್ನು ಮಾರಿ, ಕಡೆಗೆ ಮಾಂಗಲ್ಯವನ್ನೂ ಬಿಚ್ಚಿಕೊಟ್ಟರು. ಪರರ ಮಕ್ಕಳಿಗಾಗಿ ಹಾಗೆ ಕೊಟ್ಟದ್ದು ದಾನ.

ಪ್ರತಿ ಬಸದಿಯ ಟ್ರಸ್ಟೂ ಪಂಚಕಲ್ಯಾಣದ ಖರ್ಚಿನ ಪುಟದ ಎದುರಿಗೆ ಇನ್ನೊಂದು ಪುಟ ತೆರೆಯಲಿ. ಊರಿನ ಎಷ್ಟು ಮಕ್ಕಳ ಶುಲ್ಕವನ್ನು ಈ ವರ್ಷ ರಸೀದಿ ಸಹಿತ ಕಟ್ಟಲಾಯಿತೆಂದು ಅಲ್ಲಿ ಬರೆಯಲಿ. ಪ್ರತಿ ಶ್ರಾವಕನೂ ಬರುವ ಪ್ರವೇಶದ ಕಾಲದಲ್ಲಿ ರಸೀದಿ ಕೇಳಲಿ, ಕೊಡದ ಬಾಗಿಲಿನಿಂದ ಮಗುವಿನ ಕೈಹಿಡಿದು ಹಿಂದಿರುಗಲಿ. ದಾರಿಯಲ್ಲಿ ಮಗು “ಏಕೆ ಬಂದೆವು?” ಎಂದು ಕೇಳಿದರೆ ನಿಜವನ್ನೇ ಹೇಳಲಿ.