ದೀಪ ಆರಿಸಬೇಡಿ, ಪೈಪು ಅಳೆಯಿರಿ

ಹುಬ್ಬಳ್ಳಿಯ ನಮ್ಮ ಗ್ಯಾರೇಜಿಗೆ, ಮೂಲ ಏರ್ ಫಿಲ್ಟರ್ ಬಾಕ್ಸ್ ಬದಲು ಹೊಸ ಪೈಪು, ಕೋನ್ ಫಿಲ್ಟರ್ ಕೂರಿಸುವ ಕೋಲ್ಡ್ ಏರ್ ಇನ್‌ಟೇಕ್ ಕಿಟ್ ಹಿಡಿದು ಬರುವ ಹುಡುಗರು ಪಿಕಪ್ ಎಷ್ಟು ಹೆಚ್ಚುತ್ತದೆ ಎಂದು ಕೇಳುವ ಮೊದಲೇ ಒಂದು ಷರತ್ತು ಹಾಕುತ್ತಾರೆ: ‘ಚೆಕ್ ಎಂಜಿನ್ ಲೈಟ್ ಒಂದು ಬರದಂಗ ಮಾಡಿಕೊಡ್ರಿ ಅಣ್ಣಾ.’ ಈ ಷರತ್ತನ್ನು ಪೂರೈಸಲು ಎರಡು ದಾರಿಗಳಿವೆ. ಎಂಜಿನ್ನಿಗೆ ಹೋಗುವ ಗಾಳಿಯ ಲೆಕ್ಕ ತಪ್ಪದಂತೆ ಕಿಟ್ ಕೂರಿಸುವುದು ಒಂದು. ಲೆಕ್ಕ ತಪ್ಪಿದೆ ಎಂದು ಹೇಳುವ ಬಾಯನ್ನೇ ಮುಚ್ಚುವುದು ಇನ್ನೊಂದು. ಎರಡನೆಯದಕ್ಕೆ ಖರ್ಚು ಕಡಿಮೆ, ಸಮಯವೂ ಕಡಿಮೆ. ಬೇರೆಡೆ ಕೆಲಸ ಮಾಡಿಸಿ ನಮ್ಮಲ್ಲಿಗೆ ಬರುವ ಕಾರುಗಳಲ್ಲಿ ನಾನು ಮತ್ತೆ ಮತ್ತೆ ಕಾಣುತ್ತಿರುವುದೂ ಅದನ್ನೇ. ಇದು ನಿಲ್ಲಬೇಕು.

ಆ ಹಳದಿ ದೀಪ ಯಾಕೆ ಹೊತ್ತುತ್ತದೆ ಎಂದು ಕಿಟ್ ಮಾರುವವರು ಹೇಳುವುದಿಲ್ಲ. ಹಾಗಾಗಿ ನಾನೇ ಹೇಳುತ್ತೇನೆ. ಪೆಟ್ರೋಲ್ ಎಂಜಿನ್ನಿನಲ್ಲಿ ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಎಷ್ಟು ಬಂತೆಂದು ತಿಳಿಯಲು ಅನೇಕ ಕಾರುಗಳಲ್ಲಿ ಏರ್ ಫಿಲ್ಟರ್ ಬಾಕ್ಸ್ ದಾಟಿದ ಕೂಡಲೇ ಮಾಸ್ ಏರ್ ಫ್ಲೋ ಸೆನ್ಸರ್ ಇಟ್ಟಿರುತ್ತಾರೆ. ಅದರೊಳಗೆ ಕೂದಲೆಳೆಯಷ್ಟು ಸಣ್ಣ ತಂತಿ, ಇಲ್ಲವೇ ತೆಳುವಾದ ಪದರ ಬಿಸಿಯಾಗಿರುತ್ತದೆ. ಹಾಯುವ ಗಾಳಿ ಅದನ್ನು ತಣಿಸುತ್ತದೆ. ಬಿಸಿ ಉಳಿಸಿಕೊಳ್ಳಲು ಎಷ್ಟು ಕರೆಂಟು ಬೇಕಾಯಿತು ಎಂಬುದರಿಂದ ಕಾರಿನ ಕಂಪ್ಯೂಟರ್, ಅಂದರೆ ಇಸಿಯು, ಸೆಕೆಂಡಿಗೆ ಇಷ್ಟು ಗ್ರಾಂ ಗಾಳಿ ಎಂದು ಲೆಕ್ಕ ಹಾಕಿ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ. ಸೆನ್ಸರ್ ನೋಡುವುದು ಪೈಪಿನೊಳಗಿನ ಇಡೀ ಗಾಳಿಯನ್ನಲ್ಲ, ತನ್ನ ಸಣ್ಣ ಕಿಂಡಿಯಲ್ಲಿ ಹಾಯ್ದಷ್ಟನ್ನು ಮಾತ್ರ. ಉಳಿದದ್ದು ಆ ಪೈಪಿನ ಒಳ ಅಳತೆ ನಂಬಿ ಹಾಕಿದ ಲೆಕ್ಕ.

ಕಿಟ್‌ನ ಹೊಳೆಯುವ ಅಲ್ಯೂಮಿನಿಯಂ ಪೈಪು ಕೆಲಸ ಕೆಡಿಸುವುದು ಇಲ್ಲೇ. ಮೂಲ ಪೈಪಿನಲ್ಲಿ ಸೆನ್ಸರ್ ಕೂರುವ ಜಾಗದ ಒಳ ವ್ಯಾಸ 60 ಮಿಲಿಮೀಟರ್ ಇದೆ ಎನ್ನಿ. ಹೊಸದರಲ್ಲಿ 70 ಇದ್ದರೆ ಹಾದಿಯ ವಿಸ್ತೀರ್ಣ 36% ಹೆಚ್ಚುತ್ತದೆ. ಅಷ್ಟೇ ಗಾಳಿ ಅಗಲ ಹಾದಿಯಲ್ಲಿ ನಿಧಾನವಾಗಿ ಹೋಗುತ್ತದೆ, ಸೆನ್ಸರ್ ನಿಜಕ್ಕಿಂತ ಕಾಲು ಭಾಗಕ್ಕೂ ಹೆಚ್ಚು ಕಡಿಮೆ ತೋರಿಸುತ್ತದೆ, ಪೆಟ್ರೋಲ್ ಸಾಲದೆ ಮಿಶ್ರಣ ಲೀನ್ ಆಗುತ್ತದೆ. ಸೈಲೆನ್ಸರ್ ಕಡೆಯ ಆಕ್ಸಿಜನ್ ಸೆನ್ಸರ್ ಅದನ್ನು ಹಿಡಿದು ಹೇಳಿದಾಗ ಇಸಿಯು ಪೆಟ್ರೋಲನ್ನು ಹೆಚ್ಚಿಸುತ್ತಾ ಹೋಗುತ್ತದೆ. ಈ ತಿದ್ದುಪಡಿಗೆ ಫ್ಯೂಯಲ್ ಟ್ರಿಮ್ ಎನ್ನುತ್ತಾರೆ. ಟ್ರಿಮ್ ಸಾಮಾನ್ಯವಾಗಿ 25%ರ ಆಸುಪಾಸು ಮುಟ್ಟಿದರೆ ಪಿ0171 ಎಂಬ ಕೋಡ್ ದಾಖಲಾಗಿ ದೀಪ ಹೊತ್ತುತ್ತದೆ. ಬರೀ ಮೂರು ಮಿಲಿಮೀಟರ್, ಅಂದರೆ 60 ಇದ್ದದ್ದು 63 ಆದರೂ 10% ವ್ಯತ್ಯಾಸ. ಕಣ್ಣಳತೆಗೆ ಇದು ಸಿಗುವುದಿಲ್ಲ. ಅದಕ್ಕೇ ನಮ್ಮಲ್ಲಿ ಕಿಟ್ ಡಬ್ಬ ಬಿಚ್ಚಿದ ಮೇಲೆ ಮೊದಲು ಹೊರಬರುವುದು ಸ್ಪ್ಯಾನರ್ ಅಲ್ಲ, ವರ್ನಿಯರ್ ಕ್ಯಾಲಿಪರ್. ಎರಡೂ ಪೈಪುಗಳ ಒಳ ವ್ಯಾಸವನ್ನು ಸೆನ್ಸರ್ ಕೂರುವ ಜಾಗದಲ್ಲೇ ಅಳೆಯುತ್ತೇವೆ. ಹೊಂದದಿದ್ದರೆ ಕಿಟ್ ವಾಪಸ್.

ಅಳತೆ ಸರಿಯಿದ್ದರೂ ಕೆಲಸ ಮುಗಿಯಲಿಲ್ಲ. ಸೆನ್ಸರ್ ಮೇಲಿನ ಬಾಣದ ಗುರುತು ಎಂಜಿನ್ ಕಡೆಗಿರಬೇಕು. ಅದರ ಹಿಂದೆಯೇ ಪೈಪು ಬಾಗಿದ್ದರೆ ಗಾಳಿ ಸುಳಿಸುಳಿಯಾಗಿ ಬಂದು ರೀಡಿಂಗ್ ಕುಣಿಯುತ್ತದೆ, ಆದ್ದರಿಂದ ಸ್ವಲ್ಪ ನೇರ ಹಾದಿ ಬೇಕು. ಮೂಲ ಪೈಪಿಗೆ ಎಂಜಿನ್ನಿನಿಂದ ಬಂದು ಸೇರುವ ಸಣ್ಣ ಬ್ರೀದರ್ ಹೋಸ್ ಒಂದಿರುತ್ತದೆ. ಹೊಸ ಪೈಪಿನಲ್ಲಿ ಅದಕ್ಕೆ ಜಾಗವಿಲ್ಲವೆಂದು ತುದಿಗೆ ಪುಟ್ಟ ಫಿಲ್ಟರ್ ಸಿಕ್ಕಿಸಿ ಹಾಗೇ ಬಿಡುವವರಿದ್ದಾರೆ. ಆಗ ಸೆನ್ಸರ್ ಎಣಿಸದ ಗಾಳಿ ಅಲ್ಲಿಂದ ಒಳಗೆ ಸೇರುತ್ತದೆ, ಮತ್ತೆ ಅದೇ ಪಿ0171. ಸಿಲಿಕಾನ್ ಹೋಸಿನ ಕ್ಲಿಪ್ ಅರ್ಧ ಸುತ್ತು ಸಡಿಲವಿದ್ದರೂ ಇದೇ ಕಥೆ. ತಂಪಿದ್ದಾಗ ಬಿಗಿಯಾಗಿ ಕಂಡ ಕ್ಲಿಪ್ ಎಂಜಿನ್ ಬಿಸಿಯಾಗಿ ಆರಿದ ಮೇಲೆ ಸಡಿಲವಾಗಿರುತ್ತದೆ. ಇನ್ನೊಂದು ಸುತ್ತು ಬಿಗಿ ಮಾಡದೆ ನಾನು ಯಾವ ಕಾರನ್ನೂ ಬಿಡುವುದಿಲ್ಲ. ಎಣ್ಣೆ ಹಚ್ಚುವ ಹತ್ತಿಯ ಫಿಲ್ಟರಿಗೆ ಎಣ್ಣೆ ಜಾಸ್ತಿಯಾದರೆ ಅದು ಗಾಳಿಯ ಜೊತೆ ಹೋಗಿ ಸೆನ್ಸರಿನ ತಂತಿಗೆ ಅಂಟುತ್ತದೆ. ಅದನ್ನು ತೊಳೆಯಲು ಸೆನ್ಸರಿನದೇ ಕ್ಲೀನರ್ ಬೇಕು. ಬಟ್ಟೆಯಿಂದ ಒರೆಸಿದರೆ ತಂತಿ ಹರಿಯುತ್ತದೆ. ಇಗ್ನಿಷನ್ ಆನ್ ಇರುವಾಗ ಸೆನ್ಸರಿನ ಕನೆಕ್ಟರ್ ಕಿತ್ತರೆ ಆ ಕ್ಷಣವೇ ಬೇಡದ ಕೋಡ್ ದಾಖಲಾಗಬಹುದು. ಕೀಲಿ ತೆಗೆದು ಕೆಲಸ ಶುರು ಮಾಡಿದರೆ ಸಾಕು.

ಎಲ್ಲ ಕಾರುಗಳಲ್ಲೂ ಈ ಸೆನ್ಸರ್ ಇಲ್ಲ. ಅನೇಕ ಸಣ್ಣ ಪೆಟ್ರೋಲ್ ಕಾರುಗಳು ಮ್ಯಾನಿಫೋಲ್ಡಿನ ಒತ್ತಡ ಮತ್ತು ಗಾಳಿಯ ಉಷ್ಣಾಂಶ ನೋಡಿ ಲೆಕ್ಕ ಹಾಕುತ್ತವೆ. ಅವುಗಳಲ್ಲಿ ಪೈಪಿನ ಅಳತೆ ಅಷ್ಟು ಕಾಡುವುದಿಲ್ಲ. ಉಷ್ಣಾಂಶದ ಸೆನ್ಸರನ್ನು ಮಾತ್ರ ಗಾಳಿಯ ಹಾದಿಯಲ್ಲೇ ಕೂರಿಸಬೇಕು, ತಂತಿಗೆ ನೇತುಬಿಡಬಾರದು.

ಇಷ್ಟೆಲ್ಲ ಮಾಡಲು ಅರ್ಧ ದಿನ ಬೇಕು. ಬಾಯಿ ಮುಚ್ಚಿಸುವ ಕೆಲಸಕ್ಕೆ ಹತ್ತು ನಿಮಿಷ ಸಾಕು. ಸ್ಕ್ಯಾನರ್ ಚುಚ್ಚಿ ಕೋಡ್ ಅಳಿಸಿ ಕಳಿಸುತ್ತಾರೆ. ಹಲವು ತಪ್ಪುಗಳಿಗೆ ಇಸಿಯು ಒಂದಕ್ಕಿಂತ ಹೆಚ್ಚು ಓಟದಲ್ಲಿ ಅದೇ ದೋಷ ಕಂಡ ಮೇಲೆ ದೀಪ ಹೊತ್ತಿಸುವುದರಿಂದ ಗಿರಾಕಿ ಮನೆ ಮುಟ್ಟುವವರೆಗೆ ಎಲ್ಲ ಚೆಂದವೇ ಇರುತ್ತದೆ. ಇನ್ನು ಕೆಲವರು ಗಾಳಿಯ ಉಷ್ಣಾಂಶದ ಸೆನ್ಸರಿನ ವೈರಿಗೆ ಒಂದು ರೆಸಿಸ್ಟರ್ ಬೆಸೆಯುತ್ತಾರೆ. ಅಂಥದ್ದನ್ನು ಪಿಕಪ್ ಚಿಪ್ ಎಂಬ ಹೆಸರಿನಲ್ಲಿ ಮಾರುವವರೂ ಇದ್ದಾರೆ. ಹೊರಗೆ 40 ಡಿಗ್ರಿ ಬಿಸಿಲಿದ್ದರೂ ಇಸಿಯುಗೆ ಚಳಿಗಾಲದ ಗಾಳಿ ಬಂದಂತೆ ತೋರುತ್ತದೆ. ಪೆಟ್ರೋಲ್ ಹೆಚ್ಚು ಹೋಗುತ್ತದೆ, ಬಿಸಿ ಗಾಳಿಗೆ ತಡಮಾಡಿ ಕೊಡಬೇಕಾದ ಸ್ಪಾರ್ಕನ್ನು ಅದು ತಡಮಾಡುವುದಿಲ್ಲ, ಎಂಜಿನ್ ನಾಕ್ ಹೊಡೆಯಲು ಶುರುವಾಗುತ್ತದೆ. ಮೀಟರ್ ಬಿಚ್ಚಿ ದೀಪದ ಮೇಲೆ ಕಪ್ಪು ಟೇಪ್ ಅಂಟಿಸಿದ್ದನ್ನೂ ನೋಡಿದ್ದೇನೆ. ಆ ದೀಪ ಮಿಣುಕತೊಡಗಿದರೆ ಎಂಜಿನ್ ಮಿಸ್ ಹೊಡೆಯುತ್ತಿದೆ, ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತಿದೆ ಎಂದರ್ಥ. ಟೇಪ್ ಅಂಟಿಸಿದವನು ಮಾಲೀಕನಿಂದ ಆ ಎಚ್ಚರಿಕೆಯನ್ನು ಕಸಿದುಕೊಂಡ.

ಹಳೆಯ ಕಾರು ಕೊಳ್ಳುವವರಿಗೂ ಇದು ಸಂಬಂಧಿಸಿದ್ದು. ಕೋಡ್ ಅಳಿಸಿದಾಗ ಇಸಿಯುನ ಸ್ವಯಂ ಪರೀಕ್ಷೆಗಳ ಫಲಿತಾಂಶವೂ ಅಳಿಸುತ್ತದೆ. ಸ್ಕ್ಯಾನರಿನಲ್ಲಿ ರೆಡಿನೆಸ್ ಮಾನಿಟರ್ ಎಂಬ ಪುಟ ತೆರೆದು, ಅಪೂರ್ಣ ಎಂದು ಹಲವು ಸಾಲು ಕಂಡರೆ ಇತ್ತೀಚೆಗೆ ಬ್ಯಾಟರಿ ಕಳಚಿದ್ದಾರೆ, ಇಲ್ಲವೇ ಕೋಡ್ ಅಳಿಸಿದ್ದಾರೆ. ಏಕೆ ಎಂದು ಕೇಳಿ, ಸಮಾಧಾನವಾದ ಮೇಲೆ ದುಡ್ಡು ಎಣಿಸಿ.

ಇಷ್ಟು ಮಾಡಿ ಸಿಗುವುದೇನು ಎಂದು ಅಪ್ಪಂದಿರು ಕೇಳುತ್ತಾರೆ. ಸದ್ದು ಸಿಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಏಳುವ ಆ ಗಾಳಿಯ ಗರ್ಜನೆ ನನಗೂ ಇಷ್ಟ, ಅದಕ್ಕೆ ಆಸೆಪಡುವ ಹುಡುಗರನ್ನು ನಾನು ಬೈಯುವುದಿಲ್ಲ. ಪಿಕಪ್ಪಿನ ಮಾತು ಬೇರೆ. ಬಹುತೇಕ ಕಾರುಗಳ ಮೂಲ ಬಾಕ್ಸ್ ಗ್ರಿಲ್ ಹತ್ತಿರದಿಂದ ತಂಪು ಗಾಳಿಯನ್ನೇ ಎಳೆಯುತ್ತದೆ. ಅದನ್ನು ಕಿತ್ತು ಬಾನೆಟ್ಟಿನ ಒಳಗೆ ಬೋಳು ಕೋನ್ ಫಿಲ್ಟರ್ ಇಟ್ಟರೆ, ಟ್ರಾಫಿಕ್‌ನಲ್ಲಿ 30 ಡಿಗ್ರಿ ಗಾಳಿಯ ಬದಲು 60 ಡಿಗ್ರಿಯದು ಹೋಗಿ ಗಾಳಿಯ ಸಾಂದ್ರತೆ 9% ಕುಸಿಯುತ್ತದೆ. ಕೋನನ್ನು ಬಂಪರ್ ಕೆಳಗಿಳಿಸಿದರೆ ಮಳೆಗಾಲದ ನಿಂತ ನೀರನ್ನು ಎಂಜಿನ್ ಹೀರುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಪ್ರೊಟೆಕ್ಷನ್ ಸೇರಿಸಿಕೊಳ್ಳದ ಸಾಮಾನ್ಯ ವಿಮೆ ಅದಕ್ಕೆ ದುಡ್ಡು ಕೊಡುವುದಿಲ್ಲ. ನಮ್ಮ ಕಡೆಯ ಎರೆಮಣ್ಣಿನ ನುಣುಪು ಧೂಳಿಗೆ ಮೂಲ ಕಾಗದದ ಫಿಲ್ಟರೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಕಾನೂನನ್ನೂ ಮರೆಯಬಾರದು. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ರಸ್ತೆಯ ಕಾರಿಗೆ ಕಿಟ್ ಹಾಕುವ ಮುನ್ನ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ವಿಚಾರಿಸಿ ಎಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಕಿಟ್ ಮಾರುವವರು ಸೆನ್ಸರ್ ಜಾಗದ ಒಳ ವ್ಯಾಸವನ್ನೂ ಅದು ಹೊಂದುವ ಕಾರಿನ ಮಾದರಿಯನ್ನೂ ಡಬ್ಬದ ಮೇಲೆ ಮುದ್ರಿಸಬೇಕು. ‘ಎಲ್ಲ ಕಾರಿಗೂ ಹೊಂದುತ್ತದೆ’ ಎಂದು ಬರೆದದ್ದನ್ನು ಗಿರಾಕಿಗಳು ಕೊಳ್ಳಬಾರದು. ಗ್ಯಾರೇಜಿನವರು ಕೆಲಸಕ್ಕೆ ಮುಂಚೆ ಹಾಗೂ ಒಂದಷ್ಟು ಓಡಿಸಿದ ನಂತರ, ಐಡ್ಲಿಂಗ್‌ನಲ್ಲೂ 2,500 ಆರ್‌ಪಿಎಂನಲ್ಲೂ ಫ್ಯೂಯಲ್ ಟ್ರಿಮ್ ಎಷ್ಟಿತ್ತು ಎಂದು ಜಾಬ್ ಕಾರ್ಡಿನ ಮೇಲೆ ಬರೆದು ಸಹಿ ಹಾಕಬೇಕು. ಎರಡರಲ್ಲೂ ಅದು ಸೊನ್ನೆಯ ಆಚೀಚೆ 10%ರೊಳಗೆ ನಿಲ್ಲದಿದ್ದರೆ ದೀಪ ಹೊತ್ತುವವರೆಗೆ ಕಾಯದೆ ಮೂಲ ಬಾಕ್ಸನ್ನೇ ಮರಳಿ ಕೂರಿಸಿ, ಕೂಲಿ ತೆಗೆದುಕೊಳ್ಳದೆ ಕಾರು ಕೊಟ್ಟು ಕಳಿಸಬೇಕು.