ಹಿಪ್ಪೆ ತಿಪ್ಪೆ ಸೇರುವ ಮುನ್ನ

ದೊಡ್ಡಬಳ್ಳಾಪುರದ ಸೀಮೆಯಲ್ಲಿ ಗ್ರೋವರ್ ಕಂಪನಿ ದ್ರಾಕ್ಷಿ ತೋಟ ಎಬ್ಬಿಸಿ ಮೂರು ದಶಕ ದಾಟಿದೆ. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿಯನ್ನೇ ತಂದಿತು. ಆದರೆ ನೀತಿ, ಮಂಡಳಿ, ಮೇಳ ಎಲ್ಲದರ ಕಣ್ಣೂ ಬಾಟಲಿಯ ಮೇಲೆ. ರಸ ಹಿಂಡಿದ ಮೇಲೆ ಹಣ್ಣಿನ ತೂಕದಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಸಿಪ್ಪೆ, ಬೀಜವಾಗಿ ಹಿಂದೆ ಉಳಿಯುತ್ತದೆ. ದ್ರಾಕ್ಷಿಯ ಪಾಲಿಫಿನಾಲ್‌ಗಳಲ್ಲಿ ಹೆಚ್ಚಿನವು ಇರುವುದು ರಸದಲ್ಲಲ್ಲ, ಈ ಹಿಪ್ಪೆಯಲ್ಲಿ, ಅದರಲ್ಲೂ ಬೀಜದಲ್ಲಿ. ಇದು ಹೊಸ ಸುದ್ದಿಯೂ ಅಲ್ಲ: ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ದ್ರಾಕ್ಷಿ ಬೀಜದ ಸಾರದ ಆ್ಯಂಟಿಆಕ್ಸಿಡೆಂಟ್ ಗುಣವನ್ನು ಪರೀಕ್ಷಿಸಿ 2001ರಲ್ಲೇ ಪ್ರಕಟಿಸಿದ್ದರು. ಗುಬ್ಬಿಯ ಅಡಿಕೆ ಬೆಳೆಗಾರರಿಗಂತೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡಿಕೆ ಬೇಯಿಸಿದ ಚೊಗರಿನಲ್ಲಿರುವ ಟ್ಯಾನಿನ್ ಕೂಡ ಇದೇ ಪಾಲಿಫಿನಾಲ್ ಕುಲದ್ದು. ಆ ಚೊಗರನ್ನು ಯಾರೂ ಚೆಲ್ಲುವುದಿಲ್ಲ, ಬಣ್ಣ ಕಟ್ಟಲು ಎತ್ತಿಡುತ್ತಾರೆ.

ಹಾಗಾದರೆ ಹಿಪ್ಪೆಯಿಂದ ಪಾಲಿಫಿನಾಲ್ ತೆಗೆಯಲು ಅಡ್ಡಿಯೇನು? ನನ್ನ ಪ್ರಕಾರ ನೀರು. ಹಸಿ ಹಿಪ್ಪೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ನಮ್ಮ ಬಿಸಿಲಿಗೆ ಒಂದೆರಡು ದಿನದಲ್ಲಿ ಹುಳಿತು ಬೂಸ್ಟು ಹಿಡಿಯುತ್ತದೆ, ಬೇಕಾದ ವಸ್ತುವೂ ಹಾಳಾಗುತ್ತದೆ. ಆದ್ದರಿಂದ ಸಹಾಯಧನ ಮೊದಲು ಹೋಗಬೇಕಾದದ್ದು ವೈನರಿ ಅಂಗಳದ ಡ್ರೈಯರ್‌ಗೆ. ಒಣಗಿದ ಹಿಪ್ಪೆಯನ್ನು ತಿಂಗಳುಗಟ್ಟಲೆ ಇಡಬಹುದು, ದಾಬಸ್‌ಪೇಟೆ ದಾರಿಯಲ್ಲಿ ತುಮಕೂರಿಗೂ ತರಬಹುದು. ಸಾರ ತೆಗೆಯುವ ಘಟಕ ಪ್ರತಿ ವೈನರಿಗೂ ಬೇಡ. ಸತ್ಯಮಂಗಲದ ಕೈಗಾರಿಕಾ ಪ್ರದೇಶದಲ್ಲೋ ವಸಂತನರಸಾಪುರದ ಫುಡ್ ಪಾರ್ಕಿನಲ್ಲೋ ಒಂದಿದ್ದರೆ ಸಾಕು. ವರ್ಷವಿಡೀ ಕೆಲಸ ಸಿಗದು ಎನ್ನುವವರಿಗೆ ಉತ್ತರ ಇಲ್ಲೇ ಇದೆ: ಬೆಂಗಳೂರು ಬ್ಲೂ ದ್ರಾಕ್ಷಿ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ, ನಡುವಿನ ತಿಂಗಳುಗಳಿಗೆ ತುಮಕೂರು ಸೀಮೆಯ ಹುಣಸೆ ಬೀಜದ ಸಿಪ್ಪೆ ಇದೆ. ಅದರಲ್ಲೂ ಟ್ಯಾನಿನ್ ಹೇರಳ.

ಹಿಪ್ಪೆ ಹೇಗೂ ಗೊಬ್ಬರವಾಗುತ್ತದಲ್ಲ ಎನ್ನುವ ಮಾತಿದೆ. ನೀರು, ಆಲ್ಕೋಹಾಲ್ ಬಳಸಿ ಸಾರ ತೆಗೆದ ಮೇಲೂ ಉಳಿದದ್ದು ಗೊಬ್ಬರಕ್ಕೆ ಹೋಗುತ್ತದೆ. ಇನ್ನು ದ್ರಾಕ್ಷಿ ಬೀಜದ ಮಾತ್ರೆಗಳ ಬಗೆಗಿನ ಅನುಮಾನ ನನಗೂ ಇದೆ. ಪರೀಕ್ಷಾ ನಳಿಕೆಯಲ್ಲಿ ಕಂಡದ್ದೆಲ್ಲ ದೇಹದಲ್ಲಿ ನಡೆಯುವುದಿಲ್ಲ. ಎಣ್ಣೆ ಕಮಟು ಹಿಡಿಯದಂತೆ ಕಾಯುವ ಕೆಲಸ ಮಾತ್ರ ಬೇರೆ ಮಾತು, ಅಲ್ಲಿ ಟಿಬಿಎಚ್‌ಕ್ಯುನಂಥ ಕೃತಕ ವಸ್ತುವಿನ ಜಾಗದಲ್ಲಿ ಈ ಸಾರವನ್ನು ಪ್ರಯತ್ನಿಸಬಹುದು. ಎಲ್ಲಕ್ಕಿಂತ ಗಟ್ಟಿ ಆಕ್ಷೇಪ ಕೀಟನಾಶಕದ್ದು. ದ್ರಾಕ್ಷಿಗೆ ಹೊಡೆಯುವ ಔಷಧಿಯ ಶೇಷ ಸಿಪ್ಪೆಯಲ್ಲಿ ಉಳಿದಿದ್ದರೆ ಸಾರದಲ್ಲಿ ಇನ್ನಷ್ಟು ಸಾಂದ್ರವಾದೀತು. ಪ್ರತಿ ಲೋಡನ್ನೂ ಪರೀಕ್ಷಿಸದೆ ಒಳಗೆ ಬಿಡಬಾರದು. ಆ ಪರೀಕ್ಷೆಯಲ್ಲಿ ಸೋತ ಹಿಪ್ಪೆಯನ್ನು ಗೊಬ್ಬರವೆಂದು ತೋಟಕ್ಕೆ ಸುರಿಯಬಹುದೇ ಎಂದೂ ಆಗ ಕೇಳಬೇಕಾಗುತ್ತದೆ.